ಒಂಬತ್ತನೇ ಮಹಡಿಯ ಕೆಟ್ಟ ರಿಂಗು

ನಾನು ಒಂದು ರಿಂಗು. ನಿಶ್ಚಿತಾರ್ಥದ ದಿನ ಬೆರಳಿಗೆ ತೊಡಿಸಿ ಫೋಟೊ ತೆಗೆಸಿಕೊಳ್ಳುವ ರಿಂಗಲ್ಲ. ಕಾಂಕ್ರೀಟ್ ಕಂಬದ ಹೊಟ್ಟೆಯೊಳಗೆ ಉದ್ದುದ್ದ ಕಬ್ಬಿಣದ ಸಳಿಗಳು ನಿಂತಿರುತ್ತವಲ್ಲ, ಅವನ್ನು ಸುತ್ತಲಿಂದ ತಬ್ಬಿ ಹಿಡಿಯುವ ಎರಡಡಿ ಚೌಕದ ರಿಂಗು. ಕಟ್ಟಡ ಎದ್ದು ನಿಂತ ಮೇಲೆ ಜನ ಅದರ ಗಾಜು ನೋಡುತ್ತಾರೆ, ಗ್ರಾನೈಟ್ ನೋಡುತ್ತಾರೆ, ಲಿಫ್ಟಿನ ಕನ್ನಡಿಯಲ್ಲಿ ತಮ್ಮ ಮುಖವನ್ನೇ ನೋಡಿಕೊಳ್ಳುತ್ತಾರೆ. ನಮ್ಮನ್ನು ಮಾತ್ರ ಯಾರೂ ನೋಡುವುದಿಲ್ಲ. ಆದರೆ ನನ್ನನ್ನು ನೂರಾರು ಜನ ನೋಡಿದ್ದಾರೆ, ಮುಟ್ಟಿದ್ದಾರೆ, ಹಿಡಿದು ಜಗ್ಗಿದ್ದಾರೆ. ಕಾರಣ ಇಷ್ಟೇ: ನಾನು ಕೆಟ್ಟ ರಿಂಗು. ಇದನ್ನು ತಲೆ ತಗ್ಗಿಸಿ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ತಲೆ ಎತ್ತಿಕೊಂಡೇ ಹೇಳುತ್ತಿದ್ದೇನೆ.

ನನ್ನ ಹುಟ್ಟು ಗುಜರಿಯದು. ಮುರಿದ ಬಸ್ಸಿನ ಚಾಸಿ, ಹರಿದ ನೀರಿನ ಪೈಪು, ಯಾರದೋ ಮನೆಯ ಕಿಟಕಿಯ ಸರಳು, ಎಲ್ಲವೂ ಒಂದೇ ಕುಲುಮೆಯಲ್ಲಿ ಕರಗಿ ಒಂದಾದವು. ಹಿಂದಿನ ಜನ್ಮದಲ್ಲಿ ಬಸ್ಸಾಗಿದ್ದೆನೋ ಪೈಪಾಗಿದ್ದೆನೋ ನನಗೆ ನೆನಪಿಲ್ಲ. ಕೆಂಪಗೆ ಕಾದ ನನ್ನನ್ನು ಉರುಳೆಗಳ ನಡುವೆ ತೂರಿಸಿ ಎಳೆದರು. ಮೈತುಂಬ ಏಣುಗಳನ್ನು ಒತ್ತಿದರು. ಹನ್ನೆರಡು ಮಿಲಿಮೀಟರ್ ದಪ್ಪದ ಸಳಿಯಾದೆ. ಕಟ್ಟಿನಲ್ಲಿ ಕಟ್ಟಾಗಿ ರೈಲು ಹತ್ತಿ, ಲಾರಿ ಹತ್ತಿ, ಗುವಾಹಟಿಗೆ ಬಂದಿಳಿದೆ.

ಗುವಾಹಟಿ ಎಂದರೆ ಬ್ರಹ್ಮಪುತ್ರ ನದಿಯ ದಡದ ಊರು. ಒಂದು ಕಡೆ ಸಮುದ್ರದಂಥ ನೀರು, ಇನ್ನೊಂದು ಕಡೆ ಹಸಿರು ಗುಡ್ಡ. ಕೆಳಗಿನ ನೆಲ ಮಾತ್ರ ನಂಬುವಂಥದ್ದಲ್ಲ. ಅದು ಆಗಾಗ ಮಗ್ಗಲು ಬದಲಿಸುತ್ತದೆ. ಊರಿನವರಿಗೆ ಅದು ರೂಢಿಯಾಗಿಬಿಟ್ಟಿದೆ. ಚಿಕ್ಕ ನಡುಕ ಬಂದರೆ ಚಹಾದ ಲೋಟ ಹಿಡಿದುಕೊಂಡು ಹೊರಗೆ ಬಂದು, ನಡುಕ ನಿಂತ ಮೇಲೆ ಒಳಗೆ ಹೋಗಿ ಉಳಿದ ಚಹಾ ಕುಡಿಯುತ್ತಾರೆ. ಅಂಥ ಊರಿನಲ್ಲಿ ಮೂವತ್ತು ಮಹಡಿಯ ಆಫೀಸು ಕಟ್ಟಡವನ್ನು ಎಬ್ಬಿಸಲು ಒಬ್ಬ ಧಣಿ ಹೊರಟಿದ್ದರು. ಅದರ ಕಬ್ಬಿಣದ ಅಂಗಳದಲ್ಲಿ ನಾನು ಮಳೆಗೆ ತೊಯ್ದುಕೊಂಡು ನನ್ನ ಸರದಿಗೆ ಕಾಯುತ್ತ ಬಿದ್ದಿದ್ದೆ.

ನನ್ನನ್ನು ರಿಂಗು ಮಾಡಿದವನು ಅಂಬಾರಾಯ. ಕಲಬುರಗಿ ಜಿಲ್ಲೆಯ ಆಳಂದ ಕಡೆಯವನು, ಕಂಬಿ ಕೆಲಸದ ಮೇಸ್ತ್ರಿ. ಹೈದರಾಬಾದಿನ ಗುತ್ತಿಗೆದಾರರ ಜೊತೆ ಊರೂರು ತಿರುಗಿ, ತನ್ನ ಇಪ್ಪತ್ತು ಆಳುಗಳ ತಂಡವನ್ನು ಕಟ್ಟಿಕೊಂಡು ಅಷ್ಟು ದೂರ ಬಂದಿದ್ದ. ಕುಳ್ಳ ಆಳು, ಅಗಲವಾದ ಅಂಗೈ, ಹೆಗಲ ಮೇಲೆ ಯಾವಾಗಲೂ ಒಂದು ಕೆಂಪು ಟವೆಲ್. ಮೊಳೆ ಹೊಡೆದ ದಪ್ಪ ಹಲಗೆಯ ಮೇಲೆ ನನ್ನನ್ನಿಟ್ಟು, ಅವರು ಚಾಬಿ ಎಂದು ಕರೆಯುವ ಕಬ್ಬಿಣದ ಹಿಡಿಕೆಯಿಂದ ಒಂದೊಂದೇ ಮೂಲೆಯನ್ನು ಬಗ್ಗಿಸಿದ. ಮೂರು ಮೂಲೆ ಮುಗಿದ ಮೇಲೆ ಎರಡು ತುದಿಗಳು ಉಳಿದವು. ಆ ತುದಿಗಳನ್ನು ನಾಲ್ಕನೇ ಮೂಲೆಯಲ್ಲಿ ಸಳಿಯ ಸುತ್ತ ಸುತ್ತಿಸಿ, ಮೂತಿ ಒಳಮುಖವಾಗುವಂತೆ ಕೊಕ್ಕೆ ಮಾಡಿದ. ನನ್ನಂಥ ಸಾವಿರ ರಿಂಗುಗಳನ್ನು ಅವನು ಕಣ್ಣು ಮುಚ್ಚಿ ಮಾಡಬಲ್ಲವನು. ಆದರೆ ಕೊಕ್ಕೆ ಬಗ್ಗಿಸುವಾಗ ಮಾತ್ರ ಅವನು ಕಣ್ಣು ಮುಚ್ಚುತ್ತಿರಲಿಲ್ಲ.

ಅದಕ್ಕೆ ಕಾರಣವಿತ್ತು. ಕಿಲ್ಲಾರಿಯಲ್ಲಿ ಭೂಮಿ ನಡುಗಿದ ವರ್ಷ ಅಂಬಾರಾಯನಿಗೆ ಹದಿನೆಂಟು. ರಾಜ್ಯದ ಗಡಿಯ ಆಚೆ, ಕಿಲ್ಲಾರಿ ಹತ್ತಿರದ ಅಜ್ಜಿಯ ಊರಿಗೆ ಹೋಗಿದ್ದ ಅವನ ತಾಯಿ ಗಿರಿಜವ್ವ, ಬೆಳಗಿನ ಜಾವದಲ್ಲಿ ಕಲ್ಲುಮಣ್ಣಿನ ಗೋಡೆಯ ಅಡಿಯಲ್ಲಿ ಸಿಕ್ಕಿಕೊಂಡಳು. ಎರಡು ಮೊಳ ದಪ್ಪದ ಗೋಡೆ. ಭಾರಕ್ಕೇನೂ ಕಡಿಮೆಯಿರಲಿಲ್ಲ, ಒಂದು ಕಲ್ಲು ಇನ್ನೊಂದು ಕಲ್ಲನ್ನು ಹಿಡಿದುಕೊಂಡಿರಲಿಲ್ಲ, ಅಷ್ಟೇ. ಅಂಬಾರಾಯ ಸುದ್ದಿ ಕೇಳಿ ಓಡಿಹೋಗಿ, ಉಸಿರು ನಿಂತಿದ್ದ ಅವಳನ್ನು ಕೈಯಿಂದಲೇ ಕಲ್ಲು ಕಿತ್ತು ಹೊರತೆಗೆದ. ಅಂದಿನಿಂದ ಅವನು ಒಂದು ಮಾತು ಹಿಡಿದಿದ್ದ: ತಾನು ಕಟ್ಟಿದ ಯಾವುದರ ಅಡಿಯಲ್ಲೂ ಯಾರೂ ಸಾಯಬಾರದು. ಚಹಾದ ಹೊತ್ತಿನಲ್ಲಿ ಹೊಸ ಆಳುಗಳಿಗೆ ಇದನ್ನು ಅವನು ಹೇಳುವುದನ್ನು ನಾನು ಅಂಗಳದಲ್ಲಿ ಬಿದ್ದಲ್ಲಿಂದಲೇ ಕೇಳಿದ್ದೇನೆ. ಹೇಳಿ ಮುಗಿಸಿ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದ. ಬೆವರೋ ಏನೋ ಎಂದು ಯಾರೂ ಕೇಳುತ್ತಿರಲಿಲ್ಲ.

ಹಳೆಯದಾದ ಮೇಲೆ ಅಂಥ ಟವೆಲ್ಲಿಗೆ ಇನ್ನೊಂದು ಕೆಲಸವೂ ಇತ್ತು. ಕಂಬದ ಕಬ್ಬಿಣ ಕಟ್ಟುವುದು ಮುಗಿಯುವ ತನಕ ಅಂಬಾರಾಯನ ಆಳುಗಳು ಅದರ ನೆತ್ತಿಯ ಸಳಿಗೆ ಟವೆಲ್ಲಿನಿಂದ ಹರಿದ ಒಂದು ಕೆಂಪು ಬಟ್ಟೆಯ ಚೂರನ್ನು ಕಟ್ಟಿರುತ್ತಿದ್ದರು. ಮೇಸ್ತ್ರಿ ಬಂದು ನೋಡಿ, ಸರಿಯಿದೆ ಎನಿಸಿದರೆ ತಾನೇ ಕೈಯಾರೆ ಅದನ್ನು ಬಿಚ್ಚುತ್ತಿದ್ದ. ಕೆಂಪು ಬಟ್ಟೆ ಇರುವ ಕಂಬಕ್ಕೆ ಪಂಪಿನವರು ಕಾಂಕ್ರೀಟ್ ಬಿಡುವ ಹಾಗಿಲ್ಲ. ಇದು ಯಾವ ಕಾಗದದಲ್ಲೂ ಬರೆದದ್ದಲ್ಲ. ಆದರೂ ಭಾಷೆ ಬಾರದ ಬಿಹಾರದವರು, ಬಂಗಾಳದವರು, ಅಸ್ಸಾಮಿನವರು ಎಲ್ಲರಿಗೂ ಅರ್ಥವಾಗುತ್ತಿತ್ತು.

ಇನ್ನು ಕಟ್ಟಡವನ್ನು ಲೆಕ್ಕ ಹಾಕಿ ನಿಲ್ಲಿಸಿದವರ ವಿಷಯ. ಅವರ ಹೆಸರು ಸರ್ವಮಂಗಳಾ, ನಂಜನಗೂಡಿನ ಕಡೆಯವರು, ಸ್ಟ್ರಕ್ಚರಲ್ ಎಂಜಿನಿಯರ್. ಐವತ್ತು ದಾಟಿದ ಹೆಂಗಸು. ಕಾಟನ್ ಸೀರೆಯ ಮೇಲೆ ಹಳದಿ ಹೆಲ್ಮೆಟ್ಟು, ಕಾಲಿಗೆ ಗಂಡಸರ ಬೂಟು. ಕೆಲಸಗಾರರೆಲ್ಲ ಮಂಗಳಾ ಮೇಡಂ ಎನ್ನುತ್ತಿದ್ದರು. ಮೇಡಂ ಮತ್ತು ಧಣಿಯ ನಡುವೆ ಮೊದಲ ದಿನದಿಂದಲೂ ಜಟಾಪಟಿ. ನೆಲಮಹಡಿಯಲ್ಲಿ ಒಂದೂ ಕಂಬ ಕಾಣದ, ಅರಮನೆಯಂಥ ಹಜಾರ ಬೇಕೆಂದು ಧಣಿಯ ಆಸೆ. ಕಟ್ಟಡದ ಕಾಲು ಸಣ್ಣಗಾದರೆ ನೆಲ ಅಲುಗಿದ ದಿನ ಮುರಿಯುವುದು ಅದೇ ಎಂದು ಮೇಡಂ ಹಟ. ಕಡೆಗೆ ಹಜಾರದಲ್ಲಿ ಕಂಬಗಳು ಬಂದವು, ಅದೂ ಇಬ್ಬರು ಸೇರಿ ತಬ್ಬಿದರೂ ಕೈಗೆ ನಿಲುಕದಷ್ಟು ದಪ್ಪ. ಅವನ್ನು ಮುಚ್ಚಲು ಧಣಿ ಅಮೃತಶಿಲೆ ತರಿಸಿದರು.

ಮೇಡಂ ಆ ಊರಿನ ಹಳೆಯ ಮನೆಗಳನ್ನು ರಜೆಯ ದಿನ ಸುತ್ತಾಡಿ ನೋಡುತ್ತಿದ್ದರಂತೆ. ಮರದ ಚೌಕಟ್ಟು, ಅದರ ನಡುವೆ ಜೊಂಡು ತುಂಬಿ ಮೆತ್ತಿದ ತೆಳು ಗೋಡೆ, ಮೇಲೆ ಹಗುರ ತಗಡು. ದೊಡ್ಡ ದೊಡ್ಡ ನಡುಕಗಳಲ್ಲಿ ಇಟ್ಟಿಗೆಯ ಬಂಗಲೆಗಳು ಕುಸಿದು ಈ ಮನೆಗಳು ಕುಂಟುತ್ತಾದರೂ ನಿಂತವು ಎಂದು ಅಲ್ಲಿನ ಮುದುಕರು ಅವರಿಗೆ ಹೇಳಿದ್ದರು. ಮೇಡಂ ಇದನ್ನೇ ಅಂಬಾರಾಯನ ತಂಡಕ್ಕೆ ಅಂಗಳದಲ್ಲಿ ನಿಂತು ಬಿಡಿಸಿ ಹೇಳಿದರು. ನೆಲ ಅಲುಗಿದಾಗ ಕಟ್ಟಡ ಅಲುಗದಂತೆ ಮಾಡಲು ಯಾರಿಂದಲೂ ಆಗುವುದಿಲ್ಲ. ಅಲುಗಲಿ, ಬಾಗಲಿ, ಆದರೆ ಒಂದನ್ನೊಂದು ಬಿಡಬಾರದು. ನಡುವೆ ಲಿಫ್ಟುಗಳ ಸುತ್ತ ದಪ್ಪ ಗೋಡೆಯ ಬೆನ್ನೆಲುಬು, ಸುತ್ತ ಕಂಬ ತೊಲೆಗಳ ಪಂಜರ, ನೆತ್ತಿಯಲ್ಲಿ ಒಂದು ದೊಡ್ಡ ನೀರಿನ ತೊಟ್ಟಿ. ಕಟ್ಟಡ ಎಡಕ್ಕೆ ತೂಗಿದರೆ ತೊಟ್ಟಿಯ ನೀರು ಹಿಂದೆ ಉಳಿದು ಅದನ್ನು ಬಲಕ್ಕೆ ಎಳೆಯುತ್ತದೆ.

ಇಷ್ಟೆಲ್ಲ ದೊಡ್ಡ ಮಾತಿನ ಕೊನೆಗೆ ಮೇಡಂ ಒಂದು ರಿಂಗನ್ನು ಕೈಗೆತ್ತಿಕೊಂಡರು. ನಡುಕದಲ್ಲಿ ಮೊದಲು ಉದುರುವುದು ಕಂಬದ ಮೇಲಿನ ಸಿಪ್ಪೆ ಎಂದರು. ಕೊಕ್ಕೆಯ ಮೂತಿ ಆ ಸಿಪ್ಪೆಯಲ್ಲಿದ್ದರೆ ಸಿಪ್ಪೆಯ ಜೊತೆಗೇ ಅದೂ ಬಿಚ್ಚಿಕೊಳ್ಳುತ್ತದೆ, ಒಳಗಿನ ಸಳಿಗಳು ಹೊರಗೆ ಉಬ್ಬುತ್ತವೆ, ಕಂಬ ಕೂತುಬಿಡುತ್ತದೆ. ಮೂತಿ ಒಳಗೆ, ಕಂಬದ ತಿರುಳಿಗೆ ನೆಟ್ಟಿದ್ದರೆ ಸಿಪ್ಪೆ ಹೋದರೂ ಹಿಡಿತ ಹೋಗುವುದಿಲ್ಲ. ಮೂವತ್ತು ಮಹಡಿ ನಿಲ್ಲಬೇಕಾದದ್ದು ಒಂದು ಗೇಣಿಗೂ ಕಡಿಮೆಯ ಈ ಕೊಕ್ಕೆಯ ಬಾಲದ ಮೇಲೆ ಎಂದರು. ಅಂಗಳದ ಮೂಲೆಯಲ್ಲಿದ್ದ ನನಗೆ ಅವತ್ತು ಮೈ ನೆಟ್ಟಗಾಯಿತು. ಇಷ್ಟು ವರ್ಷ ನಮ್ಮ ಬಗ್ಗೆ ಇಷ್ಟು ಮರ್ಯಾದೆಯಿಂದ ಯಾರೂ ಮಾತನಾಡಿರಲಿಲ್ಲ.

ಮೇಡಂ ಪರೀಕ್ಷೆ ಮಾಡುವ ಕ್ರಮವೇ ಬೇರೆ. ಅಳತೆಪಟ್ಟಿ ಹಿಡಿಯುತ್ತಿರಲಿಲ್ಲ. ಕಂಬದ ಪಂಜರದೊಳಗೆ ಕೈ ತೂರಿಸಿ, ಕಿರುಬೆರಳನ್ನು ಕೊಕ್ಕೆಯ ಒಳಗಿಟ್ಟು ಎಳೆಯುತ್ತಿದ್ದರು. ಬೆರಳು ಸಿಕ್ಕಿಕೊಂಡರೆ ಕೊಕ್ಕೆ ಸರಿ. ಜಾರಿ ಬಂದರೆ ತಪ್ಪು. ಆ ಕಿರುಬೆರಳಿನ ಮೇಲೆ ಯಾವಾಗಲೂ ಒಂದು ಗೀರಿರುತ್ತಿತ್ತು.

ಎಂಟು ಮಹಡಿ ಹೀಗೆ ಎದ್ದವು. ಒಂಬತ್ತನೆಯದಕ್ಕೆ ಬಂದಾಗ ಏಪ್ರಿಲ್ ತಿಂಗಳು, ಬಿಹು ಹಬ್ಬ ಎದುರಿಗೆ. ಬಿಹು ಬಂತೆಂದರೆ ಪಂಪಿನವರು, ಲಾರಿಯವರು ಎಲ್ಲರೂ ಊರಿಗೆ ಹೋಗುವವರೇ. ಹತ್ತು ದಿನ ಕೆಲಸ ನಿಂತಂತೆ. ಅದಕ್ಕೆ ಮೊದಲು ಆ ಮಹಡಿಯ ಹದಿನಾಲ್ಕು ಕಂಬಗಳೂ ತುಂಬಲೇಬೇಕೆಂದು ಸೈಟಿನ ಮುಖ್ಯಸ್ಥ ಮಾಧವ ರಾವ್ ದಿನ ಗೊತ್ತು ಮಾಡಿದರು. ಅವರು ಕೆಟ್ಟವರೇನಲ್ಲ. ಬಿಳಿ ಬೂಟು ಹಾಕಿಕೊಂಡು ಕೆಸರಿನ ಸೈಟಿಗೆ ಬರುವವರ ಬಗ್ಗೆ ನನಗೆ ಸ್ವಲ್ಪ ತಾತ್ಸಾರ, ಅಷ್ಟೇ.

ಒಂಬತ್ತನೇ ಮಹಡಿಯಲ್ಲಿ ಸಳಿಗಳು ಇಕ್ಕಟ್ಟು. ಕೆಳಗಿನ ಸಳಿಗೆ ಮೇಲಿನ ಸಳಿ ಕೂಡುವ ಜಾಗ ಅದು. ಒಂದರ ಪಕ್ಕ ಒಂದು ಒತ್ತಾಗಿ ನಿಂತಿದ್ದವು. ಮೂತಿ ಬಗ್ಗಿದ ರಿಂಗು ಅವುಗಳ ನಡುವೆ ನುಗ್ಗುವುದೇ ಇಲ್ಲ. ಆಳುಗಳು ಒಂದು ದಿನ ಒದ್ದಾಡಿದರು. ಎರಡನೇ ದಿನ ಅಂಬಾರಾಯ ತಾನೇ ಚಾಬಿ ಹಿಡಿದು ನನ್ನ ಒಂದು ಕೊಕ್ಕೆಯನ್ನು ಬಿಚ್ಚಿ, ನನ್ನನ್ನು ಪಕ್ಕದಿಂದ ಪಂಜರದೊಳಗೆ ತೂರಿಸಿದ. ಹೀಗೆ ಬಿಚ್ಚಿ ಹಾಕಿ, ಒಳಗೆ ಕೂತ ಮೇಲೆ ಮತ್ತೆ ಬಗ್ಗಿಸಿ ಎಂದು ಉಳಿದವರಿಗೂ ಹೇಳಿದ. ಬಿಚ್ಚುವುದು ಸುಲಭ. ಇಕ್ಕಟ್ಟಿನಲ್ಲಿ ಚಾಬಿ ತಿರುಗಿಸಿ ಮತ್ತೆ ಬಗ್ಗಿಸುವುದು ಬಲು ತ್ರಾಸು. ಅರ್ಧಕ್ಕೆ, ಅಂದರೆ ಎಲ್ ಅಕ್ಷರದ ಹಾಗೆ ಬಗ್ಗಿಸಿ, ಬೈಂಡಿಂಗ್ ತಂತಿಯನ್ನು ನಾಲ್ಕು ಸುತ್ತು ಸುತ್ತಿ, ನಾಳೆ ನೋಡೋಣ ಎಂದು ಮುಂದಿನದಕ್ಕೆ ಹೋದರು. ಕಂಬಿ ಕೆಲಸದವರು ಎಲ್ಲ ಕಡೆ ಮಾಡುವ ತಪ್ಪು ಇದು. ಹೊರಗಿನಿಂದ ನೋಡಿದರೆ ಎಲ್ಲ ಅಚ್ಚುಕಟ್ಟು.

ಆ ನಾಳೆ ಬರಲೇ ಇಲ್ಲ. ಬಿರುಗಾಳಿ ಬಂತು, ಕಾಂಕ್ರೀಟ್ ಹೊಯ್ಯಲು ಸುತ್ತ ಕಟ್ಟುವ ಸೆಂಟ್ರಿಂಗಿನ ಹಲಗೆ ಹಾರಿತು, ಅದನ್ನು ಸರಿ ಮಾಡುವಷ್ಟರಲ್ಲಿ ಗೊತ್ತು ಮಾಡಿದ ಬೆಳಿಗ್ಗೆ ಬಂದೇಬಿಟ್ಟಿತು. ಅಂಬಾರಾಯ ಹದಿನಾಲ್ಕು ಕಂಬಗಳ ನೆತ್ತಿಯಿಂದಲೂ ಕೆಂಪು ಬಟ್ಟೆ ಬಿಚ್ಚಿದ. ಬಿಚ್ಚುವಾಗ ಕಂಬದ ಕಡೆ ನೋಡಲಿಲ್ಲ. ನಾನು ಪಂಜರದೊಳಗೆ, ಕೊಕ್ಕೆಯ ಬಾಲವನ್ನು ಹೊರಗೆ ಚಾಚಿಕೊಂಡು ನಿಂತು ಅವನನ್ನೇ ನೋಡುತ್ತಿದ್ದೆ. ನನಗೆ ಅವನ ಮೇಲೆ ಕೋಪ ಬಂತು. ಈಗಲೂ ಸುಳ್ಳು ಹೇಳಲಾರೆ.

ಮೇಡಂ ಕೊನೆಯ ತಪಾಸಣೆಗೆ ಬಂದರು. ಹಲಗೆ ಮುಚ್ಚದೆ ಬಿಟ್ಟಿದ್ದ ಒಂದು ಬದಿಯಿಂದ ಕೈ ತೂರಿಸಿದರು. ಅವರ ಕಿರುಬೆರಳು ಬಂದು ಕೂತದ್ದು ನನ್ನ ಮೇಲೆಯೇ. ಎಳೆದರು. ಜಾರಿ ಬಂತು. ಇನ್ನೊಮ್ಮೆ ಎಳೆದರು. ಮತ್ತೆ ಜಾರಿತು. ತಂತಿ ಕತ್ತರಿಸಿ ನನ್ನನ್ನು ಹೊರಗೆಳೆದು, ಜೋಳಿಗೆಯ ಹಾಗೆ ಹೆಗಲಿಗೆ ಹಾಕಿಕೊಂಡರು. ಆಮೇಲೆ ಮುಂದಿನ ಕಂಬ, ಅದರ ಮುಂದಿನ ಕಂಬ. ಮೂರನೆಯದಕ್ಕೆ ಹೋಗುವಷ್ಟರಲ್ಲಿ ಅವರ ಮುಖ ಕಪ್ಪಿಟ್ಟಿತ್ತು.

ಕೆಳಗೆ ಕಾಂಕ್ರೀಟಿನ ಲಾರಿಗಳು ಆಗಲೇ ಸಾಲುಗಟ್ಟಿದ್ದವು. ಅವುಗಳ ಹೊಟ್ಟೆ ಗಿರಗಿರ ತಿರುಗುತ್ತಿತ್ತು. ತಿರುಗುವುದು ನಿಂತರೆ, ಇನ್ನು ಕೆಲವೇ ತಾಸಿನಲ್ಲಿ, ಅಷ್ಟೂ ಕಲ್ಲಾಗಿಬಿಡುತ್ತದೆ. ಮಾಧವ ರಾವ್ ಲಿಫ್ಟಿನಲ್ಲಿ ಮೇಲೆ ಬಂದು ಮೊದಲು ನಯವಾಗಿ ಮಾತನಾಡಿದರು. ಒಂದೆರಡು ರಿಂಗು ಹಾಗಿದ್ದರೆ ಆಕಾಶ ಕಳಚಿ ಬೀಳುವುದಿಲ್ಲ, ಇಂಥ ಎಷ್ಟೋ ಕಟ್ಟಡ ಕಟ್ಟಿದ್ದೇನೆ ಎಂದರು. ಅಂಥ ಕಟ್ಟಡಗಳ ಕೆಳಗಿನ ನೆಲ ಇನ್ನೂ ಅಲುಗಿಲ್ಲ, ಅದಕ್ಕೇ ನಿಂತಿವೆ ಎಂದು ಮೇಡಂ ಉತ್ತರಿಸಿದರು. ಸಹಿ ಹಾಕುವುದಿಲ್ಲ ಎಂದು ಪೆನ್ನನ್ನು ಬ್ಯಾಗಿಗೆ ಹಾಕಿಕೊಂಡರು.

ಆಗ ರಾವ್ ಬೇರೆ ದಾರಿ ಹಿಡಿದರು. ಮೇಡಂ ಸಹಿಯೇ ಬೇಡ. ಉಳಿದ ಕೊಕ್ಕೆಗಳೆಲ್ಲ ಸರಿಯಿವೆ, ಕೆಟ್ಟವು ಈಗ ಸಿಕ್ಕ ಕೆಲವು ಮಾತ್ರ ಎಂದು ಮೇಸ್ತ್ರಿ ಒಂದು ಮಾತು ಹೇಳಲಿ, ತಾನೇ ಜವಾಬ್ದಾರಿ ಹೊತ್ತು ಸಹಿ ಹಾಕಿ ಹೊಯ್ಯಿಸುತ್ತೇನೆ ಎಂದರು. ಎಲ್ಲರ ಕಣ್ಣೂ ಅಂಬಾರಾಯನ ಮೇಲೆ ಹೋಯಿತು. ಮೇಡಂ ನನ್ನನ್ನು ಹೆಗಲಿನಿಂದ ತೆಗೆದು ಅವನ ಕೈಗೆ ಕೊಟ್ಟರು.

“ನೀವು ಮಾಡಿದ್ದು, ನೀವೇ ಹೇಳಿ ಮೇಸ್ತ್ರಿ. ನಾನೇನೂ ಹೇಳಲ್ಲ.”

ಅವನ ಅಂಗೈ ಬೆವರಿತ್ತು. ನನಗೆ ಆ ಬೆವರು ಈಗಲೂ ನೆನಪಿದೆ. ಆಮೇಲೆ ನನಗೆ ಹಿಡಿದ ಮೊದಲ ತುಕ್ಕು ಆ ಅಂಗೈ ಮೂಡಿದ ಜಾಗದಲ್ಲೇ. ಹೂಂ ಎಂದರೆ ಸಾಕಿತ್ತು. ಇಪ್ಪತ್ತು ಆಳುಗಳ ಕೆಲಸ ಉಳಿಯುತ್ತಿತ್ತು, ಅವನ ಮೇಸ್ತ್ರಿಕೆ ಉಳಿಯುತ್ತಿತ್ತು, ಕಾಂಕ್ರೀಟ್ ಬಿದ್ದ ಮೇಲೆ ಕೊಕ್ಕೆ ಹೇಗಿದೆಯೆಂದು ನೋಡಲು ದೇವರಿಗೂ ಕಣ್ಣು ಸಾಲುತ್ತಿರಲಿಲ್ಲ. ಅಂಬಾರಾಯ ನನ್ನ ಬಿಚ್ಚಿದ ಕೊಕ್ಕೆಗೆ ತನ್ನದೇ ಕಿರುಬೆರಳು ಹಾಕಿ ಎಳೆದ. ಜಾರಿತು.

“ಸಾಹೇಬ್ರ, ಇವು ನಾನೇ ಬಿಚ್ಚಸೀನಿ. ಒಂದೆರಡಲ್ಲರಿ, ಹದಿನಾಕು ಕಂಬದಾಗೂ ಅವ. ಹೊಯ್ಯಬ್ಯಾಡ್ರಿ.”

ರಾವ್ ಅವರ ದನಿ ಏರಿತು. ಹಾಗಿದ್ದರೆ ನಾಳೆಯಿಂದ ಈ ಸೈಟಿನಲ್ಲಿ ನಿನಗೂ ನಿನ್ನ ತಂಡಕ್ಕೂ ಕೆಲಸವಿಲ್ಲ, ಯೋಚಿಸಿ ಮಾತನಾಡು ಎಂದರು. ಅಂಬಾರಾಯನ ದನಿ ಏರಲಿಲ್ಲ.

“ನಮ್ಮವ್ವನ ಮ್ಯಾಲ ಬಿದ್ದ ಗ್ವಾಡಿ ಯಾರು ಕಟ್ಟಿದ್ರೋ ನನಗ ಗೊತ್ತಿಲ್ಲರಿ. ಇದನ್ನ ಕಟ್ಟಿದಂವ ಯಾರಂತ ನನಗ ಗೊತ್ತದ.”

ರಾವ್ ಪಂಪಿನವನ ಕಡೆ ತಿರುಗಿ ಪೈಪು ಎತ್ತಲು ಹೇಳಿದರು. ಪಂಪು ನಡೆಸುವವನು ಬಿಪುಲ್ ಎಂಬ ಅಸ್ಸಾಮಿನ ಆಳು. ಅವನು ಪೈಪಿಗೆ ಕೈ ಹಾಕುವಷ್ಟರಲ್ಲಿ ಅಂಬಾರಾಯ ನನ್ನನ್ನು ಕೊರಳಿಗೆ ಹಾಕಿಕೊಂಡು, ಹೆಗಲಿನ ಟವೆಲ್ ಎಳೆದು ಹಲ್ಲಿನಿಂದ ಕಚ್ಚಿ ಚರ್ರನೆ ಹರಿದ. ಮೊದಲನೇ ಕಂಬ ಹತ್ತಿ ನೆತ್ತಿಗೆ ಒಂದು ಚೂರು ಕಟ್ಟಿದ. ಇಳಿದ. ಎರಡನೆಯದನ್ನು ಹತ್ತಿದ. ಹಾಗೆ ಒಂದೊಂದೇ ಕಂಬ ಹತ್ತಿ ಇಳಿಯುತ್ತ ಹೋದ. ನಾನು ಅವನ ಎದೆಗೆ ಬಡಿಯುತ್ತ ತೂಗಾಡುತ್ತಿದ್ದೆ. ಒಳಗೆ ಎದೆ ನನಗಿಂತ ಜೋರಾಗಿ ಬಡಿಯುತ್ತಿತ್ತು. ಟವೆಲ್ಲಿಗೆ ಹದಿಮೂರೇ ಚೂರು ಬಂದವು. ಹದಿನಾಲ್ಕನೇ ಕಂಬದ ಬುಡದಲ್ಲಿ ಅಂಬಾರಾಯ ಬರಿಗೈಯಲ್ಲಿ ನಿಂತ.

ಬಿಪುಲ್ ಪೈಪನ್ನು ಕೆಳಗಿಟ್ಟ. ಅವನ ಕೊರಳಲ್ಲಿ ಗಮೋಸಾ ಇತ್ತು. ಕೆಂಪು ಅಂಚಿನ ಬಿಳಿ ವಸ್ತ್ರ, ಬಿಹುವಿಗೆಂದು ಅವನ ಹೆಂಡತಿ ಮಗ್ಗದಲ್ಲಿ ನೇಯ್ದು ಕಳಿಸಿದ್ದು. ಅಸ್ಸಾಮಿನವರು ಅದನ್ನು ದೊಡ್ಡವರ ಹೆಗಲಿಗೆ ಗೌರವಕ್ಕೆ ಹೊದಿಸುತ್ತಾರೆ, ಹರಿಯುವ ಮಾತೇ ಇಲ್ಲ. ಅವನು ಹರಿಯಲಿಲ್ಲ. ಇಡಿಯಾಗಿ ತೆಗೆದು ತಾನೇ ಕಂಬ ಹತ್ತಿ ಅದರ ನೆತ್ತಿಗೆ ಸುತ್ತಿದ. ಅವನಿಗೇನು, ಕೆಲಸ ನಿಂತರೆ ಹಬ್ಬಕ್ಕೆ ಒಂದು ದಿನ ಮೊದಲೇ ಊರು ಸೇರಬಹುದು ಎಂದು ನೀವು ಕೊಂಕು ತೆಗೆಯಬಹುದು. ತೆಗೆಯಿರಿ. ನಾನು ಅವನ ಮುಖ ನೋಡಿದ್ದೇನೆ, ನೀವು ನೋಡಿಲ್ಲ.

ಅವತ್ತು ಕಾಂಕ್ರೀಟ್ ಬೀಳಲಿಲ್ಲ. ಲಾರಿಗಳು ತಂದದ್ದನ್ನು ಹಿಂದಿನ ಬಯಲಿನಲ್ಲಿ ಸುರಿದು ಹೋದವು. ಅದು ಗುಡ್ಡೆ ಗುಡ್ಡೆಯಾಗಿ ಕಲ್ಲಾಯಿತು. ಬಿಹುವಿನ ಹತ್ತು ದಿನ ಊರೆಲ್ಲ ಡೋಲು ಬಡಿದು ಕುಣಿಯುತ್ತಿದ್ದಾಗ ಒಂಬತ್ತನೇ ಮಹಡಿಯಲ್ಲಿ ಅಂಬಾರಾಯನ ತಂಡ ರಿಂಗುಗಳನ್ನು ಬಿಚ್ಚಿ ತೆಗೆಯುತ್ತಿತ್ತು. ಪಕ್ಕದಿಂದ ತೂರಿಸುವುದನ್ನು ಬಿಟ್ಟು, ಏಣಿಯ ಮೇಲೆ ನಿಂತು ಕಂಬದ ನೆತ್ತಿಯಿಂದ ಒಂದೊಂದೇ ರಿಂಗನ್ನು ಕೊಕ್ಕೆ ಸಮೇತ ಕೆಳಗಿಳಿಸಿದರು. ಮೂರು ಪಟ್ಟು ಕೆಲಸ. ಮೇಡಂ ದಿನವೂ ಬಂದು ಪ್ರತಿಯೊಂದಕ್ಕೂ ಬೆರಳು ಹಾಕಿ ನೋಡಿದರು. ಹಬ್ಬ ಮುಗಿದ ಮೇಲೆ ಅಂಬಾರಾಯ ಹದಿಮೂರು ಚೂರುಗಳನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡ, ಗಮೋಸಾವನ್ನು ಮಡಿಸಿ ಬಿಪುಲನಿಗೆ ಕೊಟ್ಟ. ಅವನು ಅದನ್ನು ಬಿಡಿಸಿ ಅಂಬಾರಾಯನ ಹೆಗಲಿಗೇ ಹೊದಿಸಿದ.

ಮಾಧವ ರಾವ್ ಕೂಡ, ಹಬ್ಬದ ದಿನಗಳಲ್ಲಿ ಬೇರೆ ಆಳು ಸಿಗದೆ ತಡೆದರೂ, ತಮ್ಮ ಮಾತು ಉಳಿಸಿಕೊಂಡರು. ಆ ಮಹಡಿ ತುಂಬಿದ ಮರುದಿನವೇ ಅಂಬಾರಾಯನ ತಂಡವನ್ನು ಬಿಡಿಸಿದರು. ಮೇಡಂ ಎಷ್ಟು ಜಗಳವಾಡಿದರೂ ಕೇಳಲಿಲ್ಲ. ಹೊರಡುವ ದಿನ ಅಂಬಾರಾಯ ನನ್ನನ್ನು ಮೇಡಂ ಮೇಜಿನ ಮೇಲಿಟ್ಟು ಕೈಮುಗಿದ. ಗುಜರಿಗೆ ಹಾಕಬೇಡಿ, ಇನ್ನು ಬರುವವರಿಗೆ ಇದನ್ನು ತೋರಿಸಿ, ಮಾಡಿದವನ ಹೆಸರನ್ನೂ ಹೇಳಿ ಎಂದ. ತಪ್ಪು ಮಾಡಿದವರು ತಮ್ಮ ಹೆಸರು ಮುಚ್ಚಿಡಿ ಎನ್ನುವುದನ್ನು ಬೇಕಾದಷ್ಟು ಕೇಳಿದ್ದೇನೆ. ಹೇಳಿ ಎಂದವನು ಅವನೊಬ್ಬನೇ.

ಆಮೇಲಿನ ವರ್ಷಗಳು ನನ್ನ ವೈಭವದ ಕಾಲ. ಮೇಡಂ ಮೇಜಿನ ಮೇಲೆ, ನಕ್ಷೆಗಳ ಮೇಲೆ ಭಾರವಾಗಿ ಕೂತು ಉಳಿದ ಇಪ್ಪತ್ತೊಂದು ಮಹಡಿಗಳನ್ನು ಎಬ್ಬಿಸಿದೆ. ಹಾಗೆಂದರೆ ನಗಬೇಡಿ. ಹೊಸದಾಗಿ ಬಂದ ಪ್ರತಿಯೊಬ್ಬ ಕಂಬಿಯವನೂ, ಪ್ರತಿಯೊಬ್ಬ ಎಂಜಿನಿಯರೂ ಮೊದಲು ನನ್ನ ಎರಡು ಕೊಕ್ಕೆಗಳಿಗೆ ಬೆರಳು ಹಾಕಿ ಎಳೆಯಬೇಕಿತ್ತು. ಒಂದು ಹಿಡಿಯುತ್ತಿತ್ತು, ಒಂದು ಬಿಡುತ್ತಿತ್ತು. ಮಾಡಿದವನು ಅಂಬಾರಾಯ, ಆಳಂದದವನು, ತಾನು ಮಾಡಿದ್ದನ್ನು ತಾನೇ ಹೇಳಿದವನು ಎಂದು ಮೇಡಂ ಪ್ರತಿ ಸಲವೂ ಹೇಳುತ್ತಿದ್ದರು. ಒಮ್ಮೆ ಒಬ್ಬ ಹುರುಪಿನ ಎಂಜಿನಿಯರ್ ನನ್ನ ಬಿಚ್ಚಿದ ಕೊಕ್ಕೆಯನ್ನು ಸರಿಮಾಡಲು ಚಾಬಿ ಹಿಡಿದು ಬಂದ. ಮೇಡಂ ಅವನ ಕೈಗೆ ಒಂದು ಪೆಟ್ಟು ಕೊಟ್ಟರು. ನನಗೆ ಅಷ್ಟು ಖುಷಿ ಯಾವತ್ತೂ ಆಗಿರಲಿಲ್ಲ.

ಕಟ್ಟಡ ಮುಗಿಯಿತು. ಮೂವತ್ತು ಮಹಡಿ ನೀಲಿ ಗಾಜು ಹೊದ್ದು ನದಿಗೆ ಮುಖ ಮಾಡಿ ನಿಂತಿತು. ಮೇಡಂ ಊರಿಗೆ ಹೊರಡುವ ಮೊದಲು ನೆಲಮಹಡಿಯ ಕಂಟ್ರೋಲ್ ರೂಮಿನ ಗೋಡೆಗೆ ಒಂದು ಮೊಳೆ ಹೊಡೆಸಿ ನನ್ನನ್ನು ತೂಗುಹಾಕಿದರು. ಬೇಕೆಂದೇ ಬಿಚ್ಚಿದ ಕೊಕ್ಕೆಯಿಂದಲೇ ತೂಗುಹಾಕಿದರು. ಅಲ್ಲಿನ ಕಾವಲುಗಾರರು ಬದಲಾದರು, ಧಣಿ ಬದಲಾದರು, ಒಂಬತ್ತನೇ ಮಹಡಿಗೆ ಒಂದು ವಿಮಾ ಕಂಪನಿ ಬಂತು. ನನ್ನ ಮೇಲೆ ಒಬ್ಬ ಟೋಪಿ ಸಿಕ್ಕಿಸಿದ, ಇನ್ನೊಬ್ಬ ಟಿಫಿನ್ ಚೀಲ ನೇತುಹಾಕಿದ. ನನ್ನ ಕಥೆ ಗೊತ್ತಿದ್ದವರು ಯಾರೂ ಉಳಿಯಲಿಲ್ಲ. ತುಕ್ಕು ಹಿಡಿದ ಹಳೇ ಕಬ್ಬಿಣ ಎಂದು ಎರಡು ಸಲ ಕಸಕ್ಕೆ ಹಾಕಲು ಹೊರಟಿದ್ದರು. ಮೇಡಂ ಹೊಡೆಸಿದ ಮೊಳೆ ಎಂಬ ಒಂದೇ ಮಾತಿನಿಂದ ಬದುಕಿಕೊಂಡೆ.

ಹಾಗೆ ಏಳು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ, ಊಟದ ಹೊತ್ತಿನಲ್ಲಿ, ನೆಲ ಮಗ್ಗಲು ಬದಲಿಸಿತು. ಇದು ಚಹಾದ ಲೋಟ ಹಿಡಿದು ನಿಲ್ಲುವ ನಡುಕವಾಗಿರಲಿಲ್ಲ. ಮೊದಲು ಅಡಿಯಿಂದ ಯಾರೋ ಗುದ್ದಿದ ಹಾಗೆ. ಆಮೇಲೆ ಎಡಕ್ಕೆ, ಬಲಕ್ಕೆ. ಮೂವತ್ತು ಮಹಡಿಯೂ ನರಳಿತು. ಮೇಲೆ ಸಾವಿರಾರು ಜನರ ಊಟದ ಡಬ್ಬಿಗಳು ಏಕಕಾಲಕ್ಕೆ ನೆಲಕ್ಕೆ ಬಿದ್ದ ಸದ್ದು ಕೇಳಿಸಿತು. ನಾನು ಮೊಳೆಯ ಮೇಲೆ ಜೋಕಾಲಿಯಾಡಿದೆ. ಒಂದು ಸಲ, ಎರಡು ಸಲ, ಮೂರನೇ ಸಲಕ್ಕೆ ನನ್ನ ಬಿಚ್ಚಿದ ಕೊಕ್ಕೆ ಮೊಳೆಯಿಂದ ಜಾರಿತು. ಠಣ್ ಎಂದು ನೆಲಕ್ಕೆ ಬಿದ್ದೆ.

ಬಿದ್ದಲ್ಲಿಂದ ಮೇಲೆ ನೋಡಿದೆ. ಗೋಡೆ ತೂಗುತ್ತಿತ್ತು, ಚಾವಣಿ ತೂಗುತ್ತಿತ್ತು. ನನ್ನ ಪಾಲಿಗೆ ಉಳಿದದ್ದು ಕಾಯುವುದೊಂದೇ. ನನ್ನ ಜಾತಿಯವರೆಲ್ಲ ಕಂಬಗಳೊಳಗಿನ ಕತ್ತಲೆಯಲ್ಲಿ ಹಲ್ಲು ಕಚ್ಚಿ ಹಿಡಿದುಕೊಂಡಿದ್ದಾರೆ, ನಾನೊಬ್ಬನೇ ಹೊರಗೆ ಬಿದ್ದಿದ್ದೇನೆ ಎಂದು ಸಂಕಟವಾಯಿತು. ಹಿಡಿಯಿರಿ, ಬಿಡಬೇಡಿ ಎಂದು ಕೂಗಬೇಕೆನಿಸಿತು. ಕಬ್ಬಿಣಕ್ಕೆ ಕಂಠವಿಲ್ಲ. ಹಾಗೇ ಬಿದ್ದಿದ್ದೆ. ಸ್ವಲ್ಪ ಹೊತ್ತಿಗೆ ತೂಗು ಸಣ್ಣದಾಯಿತು, ಆಮೇಲೆ ನಿಂತಿತು. ಮೆಟ್ಟಿಲುಗಳಲ್ಲಿ ಜನ ಇಳಿಯುವ ಸದ್ದು ಶುರುವಾಯಿತು. ಇಳಿದರು, ಇಳಿಯುತ್ತಲೇ ಇದ್ದರು. ಎಲ್ಲರೂ ಇಳಿದರು. ಕೆಲವರಿಗೆ ಗಾಜು ತರಚಿತ್ತು, ಒಬ್ಬರ ಕಾಲು ಉಳುಕಿತ್ತು. ಒಬ್ಬರೂ ಸಾಯಲಿಲ್ಲ.

ನಾಲ್ಕನೇ ದಿನ ಮಂಗಳಾ ಮೇಡಂ ಬಂದರು. ನಿವೃತ್ತರಾಗಿ ಮೈಸೂರಿನಲ್ಲಿದ್ದವರನ್ನು ಕಟ್ಟಡ ತಪಾಸಣೆಗೆ ಕರೆಸಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಬೂಟು ಅದೇ. ಕಂಟ್ರೋಲ್ ರೂಮಿಗೆ ಬಂದವರು ನೆಲದ ಮೇಲೆ ಬಿದ್ದಿದ್ದ ನನ್ನನ್ನು ಕಂಡು ನಿಂತರು. ಬಗ್ಗಿ ಎತ್ತಿಕೊಂಡು, ಹಿಂದಿನ ಹಾಗೆಯೇ ಹೆಗಲಿಗೆ ಹಾಕಿಕೊಂಡು ಒಂಬತ್ತನೇ ಮಹಡಿಗೆ ಮೆಟ್ಟಿಲು ಹತ್ತಿದರು. ಉಸಿರು ಬಿಡುತ್ತ ಎರಡು ಕಡೆ ಕೂತರು. ಆ ಮಹಡಿಯ ಮೂಲೆಯ ಕಂಬದ ಸಿಪ್ಪೆ ಒಂದು ಮೊಳದಷ್ಟು ಉದುರಿತ್ತು. ಒಳಗಿನ ಕಬ್ಬಿಣ ಕಾಣುತ್ತಿತ್ತು. ನಾನು ಮೊದಲು ನಿಂತಿದ್ದ ಕಂಬವೇ ಅದು. ಅಲ್ಲಿ ನನ್ನ ಜಾಗದಲ್ಲಿ ಇನ್ನೊಬ್ಬನಿದ್ದ.

ಮೇಡಂ ಟಾರ್ಚಿನ ಬೆಳಕು ಬಿಟ್ಟು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಫೋನ್ ತೆಗೆದು ಒಂದು ನಂಬರು ಒತ್ತಿ, ಸ್ಪೀಕರ್ ಹಾಕಿ, ನನ್ನನ್ನು ಹೆಗಲಿನಿಂದ ನೆಲಕ್ಕಿಳಿಸಿ, ಅದನ್ನು ನನ್ನ ಪಕ್ಕದಲ್ಲಿಟ್ಟರು. ಆ ಕಡೆ ಆಳಂದದಲ್ಲಿ ಅಂಬಾರಾಯ. ಈಗ ಅಲ್ಲಿ ಶಾಲೆಯ ಕಟ್ಟಡಗಳಿಗೆ ಕಂಬಿ ಕಟ್ಟುತ್ತಾನಂತೆ. ಸುದ್ದಿ ಅವನಿಗೆ ಟಿವಿಯಲ್ಲಿ ಗೊತ್ತಾಗಿತ್ತು. ಮೇಡಂ ನಂಬರು ಕಂಡು ಅವನು ನಮಸ್ಕಾರವನ್ನೂ ಹೇಳಲಿಲ್ಲ.

“ಮೇಡಂ, ಬೆರಳ ಹಾಕಿ ನೋಡ್ರಿ. ಸಿಗ್ತದೇನು?”

ಮೇಡಂ ಆ ಗೀರು ಬಿದ್ದ ಕಿರುಬೆರಳನ್ನು ಸಿಪ್ಪೆ ಹೋದ ಮೂಲೆಗೆ ಒತ್ತಿದರು. ರಿಂಗು ಮೂಲೆ ತಿರುಗಿ ನೇರ ಒಳಗೆ ಹೋಗಿತ್ತು. ಅದರ ಮೂತಿಯ ಸುತ್ತ ಗಟ್ಟಿ ಕಾಂಕ್ರೀಟ್ ಹಾಗೇ ಕೂತಿತ್ತು. ಉಗುರು ತೂರಲೂ ಸಂದಿಯಿರಲಿಲ್ಲ.

“ಬೆರಳು ಹಾಕೋಕೆ ಜಾಗಾನೇ ಇಲ್ಲ ಮೇಸ್ತ್ರಿ. ಹಿಡಿದಿದ್ದು ಬಿಟ್ಟೇ ಇಲ್ಲ ಅದು.”

ಆ ಕಡೆಯಿಂದ ಬಟ್ಟೆ ಸವರಿದ ಸದ್ದು ಬಂತು. ಅಂಬಾರಾಯ ಮುಖ ಒರೆಸಿಕೊಳ್ಳುತ್ತಿದ್ದಾನೆ ಎಂದು ನನಗೆ ಗೊತ್ತಾಯಿತು. ಟವೆಲ್ಲಿನಿಂದಲೋ ಗಮೋಸಾದಿಂದಲೋ ಗೊತ್ತಾಗಲಿಲ್ಲ. ಆಮೇಲೆ ಅವನು ನನ್ನ ಬಗ್ಗೆ ಕೇಳಿದ. ಆ ಕೆಟ್ಟ ರಿಂಗು ಇನ್ನೂ ಇದೆಯೇ ಎಂದ. ಇದೆ, ನಡುಕದಲ್ಲಿ ಮೊಳೆಯಿಂದ ಜಾರಿ ಬಿದ್ದುಬಿಟ್ಟಿತ್ತು ಎಂದರು ಮೇಡಂ. ಅಂಬಾರಾಯ ನಕ್ಕ. ನನ್ನ ಮೂಲೆಗಳನ್ನು ಬಗ್ಗಿಸುತ್ತಿದ್ದ ಕಾಲದಿಂದಲೂ ಅವನು ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ.

“ಬೀಳಲೇಬೇಕ್ರಿ ಅದು.”

ನನಗೆ ಬೇಸರವಾಗಲಿಲ್ಲ. ಅವನು ಹೇಳಿದ್ದು ಖರೆ.

ಈಗ ಕಂಟ್ರೋಲ್ ರೂಮಿನ ಅದೇ ಮೊಳೆಯಲ್ಲಿ, ಅದೇ ಬಿಚ್ಚಿದ ಕೊಕ್ಕೆಯಿಂದ ತೂಗುತ್ತಿದ್ದೇನೆ. ಮೈಯೆಲ್ಲ ತುಕ್ಕು. ನನ್ನ ಕೆಳಗೆ ಮೇಡಂ ಈ ಸಲ ಒಂದು ಫಲಕ ಹಾಕಿಸಿ ಹೋಗಿದ್ದಾರೆ. ಅದರಲ್ಲಿ ಧಣಿಯ ಹೆಸರಿಲ್ಲ, ಅವರ ಹೆಸರೂ ಇಲ್ಲ. ‘ಅಂಬಾರಾಯ, ಆಳಂದ’ ಎಂದಷ್ಟೇ ಇದೆ. ಟಿಫಿನ್ ಚೀಲ ನೇತುಹಾಕುವವನು ಈಗ ಬೇರೆ ಮೊಳೆ ಹುಡುಕಿಕೊಂಡಿದ್ದಾನೆ. ಕೆಳಗಿನ ನೆಲ ಸುಮ್ಮನಿರುವ ಜಾತಿಯದಲ್ಲ ಎಂದು ನನಗೆ ಗೊತ್ತು. ಅದು ಮತ್ತೆ ಮಗ್ಗಲು ಬದಲಿಸುತ್ತದೆ. ಬದಲಿಸಲಿ. ನಾನು ಮತ್ತೆ ಬೀಳುತ್ತೇನೆ. ಕಂಬದೊಳಗಿನ ನನ್ನವರು ಬಿಡುವುದಿಲ್ಲ.